ವೈ-ಫೈ ಕಾರ್ಡ್ ಬದಲಿಸುವ ಮುನ್ನ ದೋಷದ ದಾಖಲೆ ಓದಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ವಿಜಯಪುರದ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ನಮ್ಮ ಭಾಗದ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ವಿನಾಕಾರಣ ಖರ್ಚು ತರುತ್ತಿರುವ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ವೈ-ಫೈ ಇದ್ದಕ್ಕಿದ್ದಂತೆ ನಿಂತುಹೋದರೆ, ಅಥವಾ ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿಸಿದ ಮೇಲೆ ವೈ-ಫೈ ಚಿಹ್ನೆಯೇ ಕಾಣದಾದರೆ, ‘ಕಾರ್ಡ್ ಸುಟ್ಟಿದೆ’, ‘ಬೋರ್ಡ್ ಹೋಗಿದೆ’ ಎಂಬ ತೀರ್ಮಾನ ಬಹಳ ಬೇಗ ಹೊರಬೀಳುತ್ತದೆ. ನಾನು ನೋಡಿದ ಮಟ್ಟಿಗೆ ಇಂಥ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಕಾರ್ಡ್ ಚೆನ್ನಾಗಿಯೇ ಇರುತ್ತದೆ. ಅದನ್ನು ನಡೆಸುವ ಡ್ರೈವರ್ ಇಲ್ಲವೇ ಫರ್ಮ್‌ವೇರ್ ಎಂಬ ತಂತ್ರಾಂಶ ಕೈಕೊಟ್ಟಿರುತ್ತದೆ. ಕೈಕೊಟ್ಟದ್ದು ಯಾವುದು ಎಂಬುದನ್ನು ಯಂತ್ರವೇ ತನ್ನ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ಆ ದಾಖಲೆಯನ್ನು ಓದುವ ಮೊದಲು ಯಾರೂ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಬಾರದು, ಯಾರೂ ಹೊಸ ಕಾರ್ಡಿಗೆ ಹಣ ಕೊಡಬಾರದು ಎಂಬುದಷ್ಟೇ ನನ್ನ ವಿನಂತಿ.

ಇದನ್ನು ಈಗ ಬರೆಯಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆಗಿದ್ದರೆ ಕೆಲವೇ ಅಪವಾದಗಳನ್ನು ಬಿಟ್ಟು ಎಂಟನೇ ತಲೆಮಾರಿನದೋ ಅದರ ಮುಂದಿನದೋ ಆಗಿರಬೇಕು. ಇಂಡಿ, ಸಿಂದಗಿ, ಚಡಚಣ, ಮುದ್ದೇಬಿಹಾಳದ ಕಡೆಯಿಂದ ಬಂದು ನಗರದ ಹಾಸ್ಟೆಲ್‌ಗಳಲ್ಲಿ ಇದ್ದುಕೊಂಡು ಓದುವ ಮಕ್ಕಳಲ್ಲಿ ಅನೇಕರ ಕೈಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದೂ ಆರನೇ ಅಥವಾ ಏಳನೇ ತಲೆಮಾರಿನದು. ಆ ಯಂತ್ರಗಳಿಗೆ ಇನ್ನೂ ಐದಾರು ವರ್ಷ ದುಡಿಯುವ ತ್ರಾಣವಿದೆ. ಆದ್ದರಿಂದ ಉಬುಂಟು, ಮಿಂಟ್, ಡೆಬಿಯನ್ ಮುಂತಾದ ಲಿನಕ್ಸ್ ಬಗೆಯ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಅದು ಸರಿಯಾದ ದಾರಿಯೆಂದು ನಾನೂ ಹೇಳುತ್ತೇನೆ. ಆದರೆ ಆ ದಾರಿಯಲ್ಲಿ ಮೊದಲು ಎಡವುವುದು ವೈ-ಫೈನಲ್ಲಿಯೇ. ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಶುಲ್ಕ ತುಂಬಬೇಕಾದ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ಗೆ ಅರ್ಜಿ ಹಾಕಬೇಕಾದ ಕೊನೆಯ ದಿನಗಳಲ್ಲಿ ಇಂಟರ್ನೆಟ್ ಇಲ್ಲದ ಲ್ಯಾಪ್‌ಟಾಪ್ ಹಿಡಿದುಕೊಂಡ ವಿದ್ಯಾರ್ಥಿ ಯಾರು ಏನು ಹೇಳಿದರೂ ನಂಬುವ ಸ್ಥಿತಿಯಲ್ಲಿರುತ್ತಾನೆ.

ಡ್ರೈವರ್ ಮತ್ತು ಫರ್ಮ್‌ವೇರ್ ಎರಡೂ ಒಂದೇ ಎಂದು ಹಲವರು ತಿಳಿದಿದ್ದಾರೆ. ಡ್ರೈವರ್ ಓಡುವುದು ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರ್ ಮೇಲೆ, ಆಪರೇಟಿಂಗ್ ಸಿಸ್ಟಂನ ಭಾಗವಾಗಿ. ಫರ್ಮ್‌ವೇರ್ ಓಡುವುದು ವೈ-ಫೈ ಕಾರ್ಡಿನೊಳಗೇ ಇರುವ ಪುಟ್ಟ ಪ್ರೊಸೆಸರ್ ಮೇಲೆ. ರೇಡಿಯೋ ಅಲೆಯನ್ನು ಯಾವಾಗ ಕಳಿಸಬೇಕು, ಎಷ್ಟು ಶಕ್ತಿಯಲ್ಲಿ ಕಳಿಸಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬಂಥ ಸೂಕ್ಷ್ಮ ಕೆಲಸಗಳನ್ನು ಅದು ನೋಡಿಕೊಳ್ಳುತ್ತದೆ. ಇಲ್ಲಿ ತಿಳಿದಿರಬೇಕಾದ ವಿಷಯವೆಂದರೆ, ಇಂದಿನ ಬಹಳಷ್ಟು ಕಾರ್ಡುಗಳಲ್ಲಿ ಈ ಫರ್ಮ್‌ವೇರ್ ಶಾಶ್ವತವಾಗಿ ಉಳಿದಿರುವುದಿಲ್ಲ. ವಿದ್ಯುತ್ ಹೋದೊಡನೆ ಕಾರ್ಡ್ ಅದನ್ನು ಮರೆಯುತ್ತದೆ. ಪ್ರತಿಬಾರಿ ಲ್ಯಾಪ್‌ಟಾಪ್ ಚಾಲೂ ಆದಾಗಲೂ ಡ್ರೈವರ್ ಹಾರ್ಡ್ ಡಿಸ್ಕಿನಲ್ಲಿರುವ ಫರ್ಮ್‌ವೇರ್ ಕಡತವನ್ನು ಹುಡುಕಿ, ಎತ್ತಿಕೊಂಡು, ಕಾರ್ಡಿಗೆ ತುಂಬಬೇಕು. ಲಿನಕ್ಸ್‌ನಲ್ಲಿ ಆ ಕಡತಗಳು ಸಾಮಾನ್ಯವಾಗಿ ‘ಲಿಬ್’ ಫೋಲ್ಡರಿನೊಳಗಿನ ‘ಫರ್ಮ್‌ವೇರ್’ ಎಂಬ ಫೋಲ್ಡರಿನಲ್ಲಿರುತ್ತವೆ. ಅಲ್ಲಿ ಆ ಒಂದು ಕಡತ ಇಲ್ಲದಿದ್ದರೆ, ಎಷ್ಟೇ ಆರೋಗ್ಯವಾಗಿರುವ ಕಾರ್ಡ್ ಆಗಿದ್ದರೂ ಸುಮ್ಮನೆ ಕುಳಿತಿರುತ್ತದೆ. ಪರದೆಯ ಮೇಲೆ ವೈ-ಫೈ ಚಿಹ್ನೆಯೂ ಬರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಕಾರ್ಡ್ ಸುಟ್ಟಂತೆಯೇ ಕಾಣುತ್ತದೆ.

ಕೊಳವೆಬಾವಿಯ ಮೋಟರ್ ತಿರುಗದಿದ್ದರೆ ನಮ್ಮ ರೈತ ಮೊದಲು ಮೂರೂ ಫೇಸ್ ಬಂದಿವೆಯೇ ನೋಡುತ್ತಾನೆ, ಫ್ಯೂಸ್ ನೋಡುತ್ತಾನೆ, ಸ್ಟಾರ್ಟರ್ ಪೆಟ್ಟಿಗೆ ತೆಗೆದು ನೋಡುತ್ತಾನೆ. ಪೈಪು ಮೇಲೆತ್ತುವ ಮಾತು ಕೊನೆಗೆ. ಅಷ್ಟೇ ವಿವೇಕ ಲ್ಯಾಪ್‌ಟಾಪಿನ ವಿಷಯದಲ್ಲಿಯೂ ಸಾಕು.

ಈ ವರ್ಷ ನನ್ನ ಬಳಿ ಬಂದ ಒಂದು ಲ್ಯಾಪ್‌ಟಾಪಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂಥ ಪ್ರಕರಣಗಳ ಸ್ವರೂಪವೆಲ್ಲ ಅದರಲ್ಲಿದೆ. ಸಿಂದಗಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಏಳನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್ ತಂದಿದ್ದಳು. ಅವಳ ಅಣ್ಣ ಎಲ್ಲಿಂದಲೋ ಸಿಕ್ಕ ಪೆನ್‌ಡ್ರೈವ್‌ನಿಂದ ಡೆಬಿಯನ್ 11 ಹಾಕಿದ್ದ. “ಸರ್, ಕಾರ್ಡ್ ಸುಟ್ಟೈತಿ ಅಂತ ಹೇಳ್ಯಾರ್ರಿ, ಹೊಸಾದು ಹಾಕಿದ್ರ ಮೂರು ಸಾವಿರ ಆಗತೈತಂತ್ರಿ” ಎಂದಳು. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು, ಯಂತ್ರದೊಳಗಿನ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟಾಗ ಪಟ್ಟಿಯಲ್ಲಿ ಇಂಟೆಲ್ ವೈರ್‌ಲೆಸ್ ಎಸಿ 8265 ಎಂಬ ಹೆಸರು ಸ್ಪಷ್ಟವಾಗಿತ್ತು. ಸುಟ್ಟುಹೋದ ಕಾರ್ಡ್ ಹೀಗೆ ತನ್ನ ಗುರುತು ಹೇಳಿಕೊಳ್ಳುವುದು ಅಪರೂಪ. ಅನಂತರ ಡಿಎಂಇಎಸ್‌ಜಿ ಆಜ್ಞೆಯಿಂದ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆದಿಟ್ಟ ದಾಖಲೆ ತೆಗೆದು, ಅದರಲ್ಲಿ ಐಡಬ್ಲ್ಯೂಎಲ್‌ವೈಫೈ ಎಂಬ ಡ್ರೈವರಿನ ಹೆಸರಿರುವ ಸಾಲುಗಳನ್ನಷ್ಟೇ ಸೋಸಿ ನೋಡಿದೆವು. ಡ್ರೈವರ್ 8265-36 ಎಂಬ ಫರ್ಮ್‌ವೇರ್ ಕಡತವನ್ನು ಕೇಳಿತ್ತು, ಸಿಗಲಿಲ್ಲ. 35 ಕೇಳಿತ್ತು, ಸಿಗಲಿಲ್ಲ. ಹೀಗೆ ಒಂದೊಂದೇ ಸಂಖ್ಯೆ ಕೆಳಗಿಳಿಯುತ್ತ ಹೋಗಿ ಕೊನೆಗೆ ‘ಸೂಕ್ತ ಫರ್ಮ್‌ವೇರ್ ಸಿಗಲಿಲ್ಲ’ ಎಂಬರ್ಥದ ಸಾಲು ಬರೆದು ಕೈಚೆಲ್ಲಿತ್ತು. ಪ್ರತಿ ಸಾಲಿನ ಕೊನೆಯಲ್ಲಿಯೂ ಮೈನಸ್ 2 ಎಂಬ ಅಂಕಿ ಇತ್ತು. ಲಿನಕ್ಸ್‌ನಲ್ಲಿ ಆ ಅಂಕಿಯ ಅರ್ಥ ‘ಅಂಥ ಕಡತವೇ ಇಲ್ಲ’ ಎಂದು. ಅಷ್ಟೇ ದೋಷ.

ಆ ಕಡತ ಏಕೆ ಇರಲಿಲ್ಲ ಎಂಬುದಕ್ಕೂ ಹಿನ್ನೆಲೆಯಿದೆ. ಫರ್ಮ್‌ವೇರ್ ಕಡತಗಳ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಚಿಪ್ ತಯಾರಕರು ಬಹುತೇಕ ಬಿಟ್ಟುಕೊಡುವುದಿಲ್ಲ. ಮುಕ್ತ ತಂತ್ರಾಂಶದ ವಿಷಯದಲ್ಲಿ ಕಟ್ಟುನಿಟ್ಟಾದ ಡೆಬಿಯನ್ ಯೋಜನೆ ಆ ಕಾರಣಕ್ಕಾಗಿ ಇಂಥ ಕಡತಗಳನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸುತ್ತಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಆ ಯೋಜನೆಯ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ಮುಂದಕ್ಕೆ ಇನ್‌ಸ್ಟಾಲರ್‌ನಲ್ಲಿಯೇ ಫರ್ಮ್‌ವೇರ್ ಇರುತ್ತದೆ. ಹಳೆಯ 11ನೆಯದು ಹಾಗಲ್ಲ. ಅದು ಅನುಸ್ಥಾಪನೆಯ ನಡುವೆ ನಿಂತು, ಈ ಯಂತ್ರಕ್ಕೆ ಹೊರಗಿನ ಫರ್ಮ್‌ವೇರ್ ಬೇಕಾಗಿದೆ, ಪೆನ್‌ಡ್ರೈವ್‌ನಲ್ಲಿ ಇದ್ದರೆ ಹಚ್ಚಿ ಎಂದು ಕೇಳುತ್ತದೆ, ಕಡತದ ಹೆಸರನ್ನೂ ತೋರಿಸುತ್ತದೆ. ಅವಸರದಲ್ಲಿ ‘ಇಲ್ಲ’ ಎಂದು ಒತ್ತಿ ಮುಂದೆ ಹೋಗುವವರೇ ಹೆಚ್ಚು. ಹಳೆಯ ಪೆನ್‌ಡ್ರೈವ್‌ಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿರುವುದರಿಂದ ಈ ತೊಂದರೆ ನಮ್ಮಲ್ಲಿ ಇನ್ನೂ ಜೀವಂತವಾಗಿದೆ.

ಪರಿಹಾರಕ್ಕೆ ಕಾಸು ಖರ್ಚಾಗಲಿಲ್ಲ. ವೈ-ಫೈ ಇಲ್ಲದ ಯಂತ್ರಕ್ಕೆ ಇಂಟರ್ನೆಟ್ ತರುವುದು ಹೇಗೆಂಬ ಪ್ರಶ್ನೆಗೆ ಎಲ್ಲರ ಜೇಬಿನಲ್ಲಿಯೂ ಉತ್ತರವಿದೆ: ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ವೈರ್ ಇರುವ ನೆಟ್‌ವರ್ಕ್ ಎಂದೇ ಭಾವಿಸಿ ಇಂಟರ್ನೆಟ್ ಪಡೆಯುತ್ತದೆ. ಸಾಮಾನ್ಯವಾಗಿ ಇದಕ್ಕೆ ಬೇರೆ ಫರ್ಮ್‌ವೇರ್ ಬೇಕಿಲ್ಲ. ಕೇಬಲ್ ಮಾತ್ರ ಚಾರ್ಜಿಂಗ್ ಜೊತೆಗೆ ಡೇಟಾವನ್ನೂ ಸಾಗಿಸುವಂಥದ್ದು ಆಗಿರಬೇಕು. ಹಾಗೆ ಸಂಪರ್ಕ ಪಡೆದು, ಡೆಬಿಯನ್‌ನ ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ ‘ನಾನ್-ಫ್ರೀ’ ವಿಭಾಗವನ್ನು ಸೇರಿಸಿ, ಇಂಟೆಲ್ ಕಾರ್ಡುಗಳ ಫರ್ಮ್‌ವೇರ್ ಪ್ಯಾಕೇಜನ್ನು ಇಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿದ್ದಷ್ಟೇ. ಮರಳಿ ದಾಖಲೆ ತೆರೆದಾಗ ‘ಫರ್ಮ್‌ವೇರ್ ಲೋಡ್ ಆಯಿತು, ಆವೃತ್ತಿ 36’ ಎಂಬ ಸಾಲು ಇತ್ತು, ಮೂಲೆಯಲ್ಲಿ ಹಾಸ್ಟೆಲ್‌ನ ವೈ-ಫೈ ಹೆಸರು ಮೂಡಿತ್ತು. ಎರಡು-ಮೂರು ಎಂಬಿಯ ಒಂದು ಕಡತದ ಕೊರತೆಗೆ ಕೂಲಿ ಮಾಡುವ ತಂದೆಯಿಂದ ಮೂರು ಸಾವಿರ ಕೀಳುವುದಿತ್ತು.

ದಾಖಲೆ ಓದುವಾಗ ಗಾಬರಿಯಾಗದೆ ಓದುವುದೂ ಮುಖ್ಯ. ಕೆಂಪು ಅಕ್ಷರದ ಸಾಲು ಕಂಡೊಡನೆ ಅದೇ ದೋಷವೆಂದು ಹಿಡಿಯಬಾರದು. ಇಂಟೆಲ್ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯ ಫರ್ಮ್‌ವೇರನ್ನು ಮೊದಲು ಕೇಳುತ್ತದೆ, ಸಿಗದಿದ್ದರೆ ಹಳೆಯದಕ್ಕೆ ಇಳಿಯುತ್ತದೆ. ಆದ್ದರಿಂದ ಮೇಲಿನ ಒಂದೆರಡು ಸಾಲುಗಳಲ್ಲಿ ಮೈನಸ್ 2 ಇದ್ದರೂ ಕೆಳಗಿನ ಸಾಲಿನಲ್ಲಿ ಫರ್ಮ್‌ವೇರ್ ಲೋಡ್ ಆಗಿದೆಯೆಂದು ಬರೆದಿದ್ದರೆ ಯಾವ ತೊಂದರೆಯೂ ಇಲ್ಲ. ಹಾಗೆಯೇ ‘ಯೋಯೋ’ ಎಂಬ ಹೆಸರಿನ ಕಡತ ಸಿಗಲಿಲ್ಲವೆಂಬ ಸಾಲು ಅನೇಕ ಲ್ಯಾಪ್‌ಟಾಪುಗಳಲ್ಲಿ ಬರುತ್ತದೆ. ಅದು ತಂತ್ರಜ್ಞರು ದೋಷ ಪತ್ತೆಗೆ ಬಳಸುವ ಕಡತ, ಬಳಕೆದಾರರಿಗೆ ಬೇಕಿಲ್ಲ. ಅದರ ಬೆನ್ನು ಹತ್ತಿ ಇಡೀ ಆಪರೇಟಿಂಗ್ ಸಿಸ್ಟಮನ್ನೇ ಅಳಿಸಿ ಮತ್ತೆ ಹಾಕಿದವರನ್ನು ನಾನು ಕಂಡಿದ್ದೇನೆ.

ಮೈನಸ್ 110 ಎಂಬ ಅಂಕಿ ಬೇರೆಯೇ ಬಗೆಯದು. ಕಡತ ಸಿಕ್ಕಿತು, ಡ್ರೈವರ್ ಅದನ್ನು ಕಾರ್ಡಿಗೆ ತುಂಬಲು ಹೋಯಿತು, ಆದರೆ ನಿಗದಿತ ಸಮಯದೊಳಗೆ ಕಾರ್ಡ್ ಉತ್ತರ ಕೊಡಲಿಲ್ಲ ಎಂಬುದು ಅದರ ತಾತ್ಪರ್ಯ. ಇಲ್ಲಿಯೂ ಕಾರ್ಡ್ ಸತ್ತಿದೆಯೆಂದು ಹೇಳಲು ಅವಸರ ಬೇಡ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇದು ಹೆಚ್ಚು ಕಾಡುತ್ತದೆ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಚಾಲೂ ಇದ್ದರೆ, ನಾವು ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ತಿ ಆರುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಅರೆನಿದ್ರೆಗೆ ಹೋಗುತ್ತದೆ. ವೈ-ಫೈ ಕಾರ್ಡೂ ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಉಳಿದು, ಆಮೇಲೆ ಬಂದ ಲಿನಕ್ಸ್ ಡ್ರೈವರಿಗೆ ಸ್ಪಂದಿಸದೆ ಇರಬಹುದು. ಮೀಡಿಯಾಟೆಕ್‌ನ ಎಂಟಿ 7921 ಚಿಪ್ ಇರುವ ಯಂತ್ರಗಳಲ್ಲಿ ಈ ತಕರಾರು ಸಾಕಷ್ಟು ಪರಿಚಿತ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ, ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಉಳಿದ ವಿದ್ಯುತ್ತೆಲ್ಲ ಇಳಿದು ಕಾರ್ಡ್ ಹೊಸದಾಗಿ ಆರಂಭವಾಗುತ್ತದೆ. ಇದು ಮಂತ್ರವಲ್ಲ, ಕಾರ್ಡಿನ ಸ್ಮೃತಿಯನ್ನು ಖಾಲಿ ಮಾಡುವ ಸರಳ ಉಪಾಯ. ಫಲಿಸದಿದ್ದರೆ ಆಗ ಕಾರ್ಡನ್ನು ಅದರ ಸ್ಲಾಟಿನಿಂದ ತೆಗೆದು, ಧೂಳು ಒರೆಸಿ, ಮತ್ತೆ ಕೂರಿಸುವ ಮಾತು.

ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಬಾರದಿದ್ದರೆ ಮಾತ್ರ ಯಂತ್ರಾಂಶದ ಮೇಲೆ ಅನುಮಾನ ಪಡಲು ಆಧಾರ ಸಿಗುತ್ತದೆ. ಆಗಲೂ ಮೊದಲು, ಯಂತ್ರ ಚಾಲೂ ಆಗುವಾಗ ಎಲ್ಲಕ್ಕಿಂತ ಮುಂಚೆ ಓಡುವ ಬಯೋಸ್‌ ತಂತ್ರಾಂಶದಲ್ಲಿ ವೈರ್‌ಲೆಸ್ ಆಫ್ ಆಗಿದೆಯೇ ನೋಡಬೇಕು, ಕಾರ್ಡ್ ಸಡಿಲಾಗಿದೆಯೇ ನೋಡಬೇಕು. ಕಾರ್ಡ್ ನಿಜವಾಗಿಯೂ ಹೋಗಿದ್ದರೆ ಬದಲಿಸುವುದು ಅನಿವಾರ್ಯ, ಆದರೆ ಯಾವ ಕಾರ್ಡ್ ತರಬೇಕೆಂಬುದರಲ್ಲಿಯೂ ಜನ ಮೋಸಹೋಗುತ್ತಿದ್ದಾರೆ. ಇಂಟೆಲ್‌ನ ಎಎಕ್ಸ್ 201 ಮತ್ತು ಎಎಕ್ಸ್ 211 ಕಾರ್ಡುಗಳು ನೋಡಲು ಎಎಕ್ಸ್ 200 ಮತ್ತು ಎಎಕ್ಸ್ 210ರಂತೆಯೇ ಇವೆ, ಅದೇ ಅಳತೆಯ ಸ್ಲಾಟಿಗೆ ಕೂರುತ್ತವೆ. ಆದರೆ 201 ಮತ್ತು 211ರಲ್ಲಿ ವೈ-ಫೈ ಕೆಲಸದ ಒಂದು ಭಾಗ ಮಾತ್ರ ಕಾರ್ಡಿನಲ್ಲಿದೆ, ಉಳಿದ ಭಾಗ ಇಂಟೆಲ್‌ನ ಹೊಸ ಪ್ರೊಸೆಸರ್ ಅಥವಾ ಚಿಪ್‌ಸೆಟ್ಟಿನೊಳಗಿದೆ. ಅವನ್ನು ಎಎಂಡಿ ಲ್ಯಾಪ್‌ಟಾಪಿಗೆ ಹಾಕಿದರೆ, ಆ ಸೌಲಭ್ಯವಿಲ್ಲದ ಹಳೆಯ ಇಂಟೆಲ್ ಲ್ಯಾಪ್‌ಟಾಪಿಗೆ ಹಾಕಿದರೆ, ಕೆಲಸ ಮಾಡುವುದಿಲ್ಲ. ಯಾವ ಡ್ರೈವರ್ ಹಾಕಿದರೂ ಮಾಡುವುದಿಲ್ಲ. 200 ಮತ್ತು 210 ಸ್ವತಂತ್ರ ಕಾರ್ಡುಗಳು, ಎರಡೂ ಕಡೆ ನಡೆಯುತ್ತವೆ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆ ಕಂಡು 211 ತರಿಸಿ, ಅದು ನಡೆಯದಿದ್ದಾಗ ‘ನಿಮ್ಮ ಬೋರ್ಡೇ ಹೋಗಿದೆ’ ಎಂಬ ಎರಡನೇ ತೀರ್ಮಾನಕ್ಕೆ ಬಲಿಯಾದವರಿದ್ದಾರೆ. ಇನ್ನು ಕೆಲವು ಹಳೆಯ ಲ್ಯಾಪ್‌ಟಾಪುಗಳ ಬಯೋಸ್ ತನ್ನ ಪಟ್ಟಿಯಲ್ಲಿರುವ ಕಾರ್ಡುಗಳನ್ನು ಮಾತ್ರ ಒಪ್ಪುತ್ತದೆ. ಬೇರೆ ಕಾರ್ಡ್ ಕಂಡರೆ ಯಂತ್ರ ಚಾಲೂ ಆಗುವಾಗಲೇ ತಡೆದು ನಿಲ್ಲಿಸುತ್ತದೆ. ಕೊಳ್ಳುವ ಮೊದಲು ಇದನ್ನು ವಿಚಾರಿಸಬೇಕು. ಕಾರ್ಡಿನ ಮೇಲಿರುವ ಎರಡು ಆಂಟೆನಾ ತಂತಿಗಳ ಗುಂಡಿಗಳು ಅತಿ ಸೂಕ್ಷ್ಮ, ಎಳೆದರೆ ಕಿತ್ತು ಬರುತ್ತವೆ. ಒಂದು ತಂತಿ ಸರಿಯಾಗಿ ಕೂರದಿದ್ದರೂ ವೈ-ಫೈ ರೂಟರಿನ ಪಕ್ಕದಲ್ಲಷ್ಟೇ ನಡೆದು, ಆಚೆ ಕೋಣೆಗೆ ಹೋದೊಡನೆ ಕಡಿದುಹೋಗಬಹುದು.

ವಿಂಡೋಸ್ ಬಳಸುವವರಿಗೆ ಇದೇ ಬಗೆಯ ದಾಖಲೆ, ಯಂತ್ರದ ಸಾಧನಗಳನ್ನು ತೋರಿಸುವ ಡಿವೈಸ್ ಮ್ಯಾನೇಜರ್‌ ಕಿಟಕಿಯಲ್ಲಿ ಸಿಗುತ್ತದೆ. ನೆಟ್‌ವರ್ಕ್ ಅಡಾಪ್ಟರ್‌ಗಳ ಕೆಳಗೆ ಹಳದಿ ಗುರುತು ಇದ್ದರೆ ಅದರ ಮೇಲೆ ಎರಡು ಬಾರಿ ಒತ್ತಿ ಕೋಡ್ ಓದಬೇಕು. ಕೋಡ್ 28 ಎಂದರೆ ಡ್ರೈವರ್ ಹಾಕಿಯೇ ಇಲ್ಲ, ಕೋಡ್ 10 ಎಂದರೆ ಸಾಧನ ಆರಂಭವಾಗಲಿಲ್ಲ, ಕೋಡ್ 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಅಪ್‌ಡೇಟ್ ಆದ ಮರುದಿನ ವೈ-ಫೈ ನಿಂತಿದ್ದರೆ ಅದೇ ಕಿಟಕಿಯ ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಿಂದಿನ ಡ್ರೈವರಿಗೆ ಮರಳಬಹುದು. ಅಪರಿಚಿತ ಸಾಧನವೆಂದು ತೋರಿಸಿದರೆ ವಿವರಗಳ ಪುಟದಲ್ಲಿ ಹಾರ್ಡ್‌ವೇರ್ ಐಡಿ ನೋಡಬೇಕು. ಅಲ್ಲಿ ತಯಾರಕರ ಸಂಖ್ಯೆ 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಸಿ3 ಇದ್ದರೆ ಮೀಡಿಯಾಟೆಕ್, 168ಸಿ ಇದ್ದರೆ ಕ್ವಾಲ್ಕಾಮ್ ಅಥೆರೋಸ್, 14ಇ4 ಇದ್ದರೆ ಬ್ರಾಡ್‌ಕಾಮ್. ಒಂದೇ ಮಾದರಿಯ ಲ್ಯಾಪ್‌ಟಾಪಿನಲ್ಲಿಯೂ ಬೇರೆ ಬೇರೆ ಕಂಪನಿಯ ಕಾರ್ಡ್ ಇರಬಹುದಾದ್ದರಿಂದ ಲ್ಯಾಪ್‌ಟಾಪಿನ ಹೆಸರಿಗಿಂತ ಈ ಸಂಖ್ಯೆ ಹೆಚ್ಚು ನಂಬಿಕೆಗೆ ಅರ್ಹ. ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಇಲ್ಲವೇ ಚಿಪ್ ತಯಾರಕರ ಜಾಲತಾಣದಿಂದಲೇ ಇಳಿಸಬೇಕು. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎಂದು ಜಾಹೀರಾತು ಮಾಡುವ ತಂತ್ರಾಂಶಗಳನ್ನು ದಯವಿಟ್ಟು ಮುಟ್ಟಬೇಡಿ. ಅವುಗಳ ಜೊತೆ ಬೇಡದ ತಂತ್ರಾಂಶಗಳು ಒಳನುಗ್ಗುತ್ತವೆ.

ಲಿನಕ್ಸ್ ಬಳಸುವ ಹುಡುಗರಿಗೆ ಒಂದು ಮಾತು. ರಿಯಲ್‌ಟೆಕ್‌ನ 8821ಸಿಇಯಂಥ ಅಗ್ಗದ ಚಿಪ್ ಇರುವ ಲ್ಯಾಪ್‌ಟಾಪುಗಳಿಗೆ ಡ್ರೈವರ್ ಸಿಗದೆ, ಯಾವುದೋ ವಿಡಿಯೋ ನೋಡಿಕೊಂಡು ಹೊರಗಿನ ಡ್ರೈವರಿನ ಮೂಲ ಸಂಕೇತ ಇಳಿಸಿ ಕಂಪೈಲ್ ಮಾಡುವ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಾವೇ ತರುವ, ಪದ್ಧತಿ ಇದೆ. ಆಗ ಅದು ನಡೆಯುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ಮತ್ತೆ ನಿಲ್ಲುತ್ತದೆ, ಏಕೆಂದರೆ ಹಾಗೆ ಕಟ್ಟಿದ ಡ್ರೈವರ್ ಆ ಒಂದು ಕರ್ನಲ್ಲಿಗಷ್ಟೇ ಹೊಂದುತ್ತದೆ. ಡಿಕೆಎಂಎಸ್ ಎಂಬ ವ್ಯವಸ್ಥೆಯ ಮೂಲಕ ಹಾಕಿದ್ದರೆ ಪ್ರತಿ ಹೊಸ ಕರ್ನಲ್ಲಿಗೂ ತಾನಾಗಿಯೇ ಮತ್ತೆ ಕಂಪೈಲ್ ಆಗುತ್ತದೆ. ಆದರೂ ಸಹಿ ಇರುವ ತಂತ್ರಾಂಶವನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯ ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ, ಕೀಲಿ ತಿರಸ್ಕೃತವಾಯಿತೆಂದು ದಾಖಲೆಯಲ್ಲಿ ಬರೆಯುತ್ತದೆ. ಆಗ ಸೆಕ್ಯೂರ್ ಬೂಟನ್ನೇ ಆಫ್ ಮಾಡುವುದಕ್ಕಿಂತ, ಅನುಸ್ಥಾಪನೆಯ ವೇಳೆ ಕೇಳುವ ಗುಪ್ತಪದ ಕೊಟ್ಟು, ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ಕೀಲಿಯನ್ನು ನೋಂದಾಯಿಸುವುದು ಲೇಸು. ಎಲ್ಲಕ್ಕಿಂತ ಉತ್ತಮವಾದದ್ದು ಹೊಸ ಕರ್ನಲ್ ಇರುವ ಆವೃತ್ತಿಗೆ ಹೋಗುವುದು. 8821ಸಿಇಗೆ ಬೆಂಬಲ 5.9ನೇ ಕರ್ನಲ್‌ನಿಂದ, ಮೀಡಿಯಾಟೆಕ್ 7921ಕ್ಕೆ 5.12ರಿಂದ ಕರ್ನಲ್ಲಿನೊಳಗೇ ಇದೆ. ನಿಮ್ಮಲ್ಲಿರುವ ಕರ್ನಲ್ ಸಂಖ್ಯೆ ನೋಡಲು ಒಂದು ಆಜ್ಞೆ ಸಾಕು. ಬ್ರಾಡ್‌ಕಾಮ್‌ನ 43142ರಂಥ ಕೆಲವು ಹಳೆಯ ಚಿಪ್‌ಗಳಿಗೆ ಮಾತ್ರ ಈಗಲೂ ಕಂಪನಿಯದೇ ಪ್ರತ್ಯೇಕ ಡ್ರೈವರ್ ಬೇಕಾಗುತ್ತದೆ, ಅದು ಉಬುಂಟುವಿನ ಹೆಚ್ಚುವರಿ ಡ್ರೈವರ್‌ಗಳ ಪಟ್ಟಿಯಲ್ಲಿ ಸಿಗುತ್ತದೆ.

ಇಷ್ಟೆಲ್ಲ ನೋಡುವ ಮೊದಲು ಏರೋಪ್ಲೇನ್ ಚಿತ್ರವಿರುವ ಕೀಲಿಯನ್ನು ಯಾರಾದರೂ ಒತ್ತಿದ್ದಾರೆಯೇ ಎಂದು ನೋಡುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ ಎಂಬ ಆಜ್ಞೆ, ತಡೆ ತಂತ್ರಾಂಶದ್ದೋ ಗುಂಡಿಯದ್ದೋ ಎಂಬುದನ್ನೂ ಬೇರ್ಪಡಿಸಿ ತೋರಿಸುತ್ತದೆ. ಹಾಗೆಯೇ ಉಳಿದೆಲ್ಲ ವೈ-ಫೈ ಹೆಸರುಗಳು ಕಂಡು, ಮನೆಯ ಹೊಸ ರೂಟರಿನದೊಂದೇ ಕಾಣದಿದ್ದರೆ ಅದು ದೋಷವೇ ಅಲ್ಲದಿರಬಹುದು. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತಿದ್ದು, ಹಳೆಯ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದ್ದಾಗಿರಬಹುದು.

ವೈ-ಫೈ ಒಮ್ಮೆ ನಡೆದರೆ ಸಾಕು, ಫರ್ಮ್‌ವೇರ್ ಅಪ್‌ಡೇಟ್ ನಮಗೇಕೆ ಎನ್ನುವವರಿಗೆ ಹೇಳಬೇಕಾದದ್ದು ಒಂದಿದೆ. 2017ರ ಅಕ್ಟೋಬರ್‌ನಲ್ಲಿ ಬಯಲಾದ ‘ಕ್ರ್ಯಾಕ್’ ಮತ್ತು 2021ರ ಮೇ ತಿಂಗಳಲ್ಲಿ ಬಯಲಾದ ‘ಫ್ರ್ಯಾಗ್ ಅಟ್ಯಾಕ್ಸ್’ ಎಂಬ ಲೋಪಗಳು ಅಸಂಖ್ಯ ವೈ-ಫೈ ಸಾಧನಗಳಿಗೆ ಅಂಟಿದ್ದವು; ಸಮೀಪದಲ್ಲಿರುವ ದುರುದ್ದೇಶದ ವ್ಯಕ್ತಿ ನಮ್ಮ ಸಂಪರ್ಕದೊಳಗೆ ಕೈಹಾಕಲು ಅವು ದಾರಿ ಮಾಡಿಕೊಡುತ್ತಿದ್ದವು. ಅವಕ್ಕೆ ಮದ್ದು ಬಂದದ್ದು ಡ್ರೈವರ್, ಫರ್ಮ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಂಗಳ ಅಪ್‌ಡೇಟ್ ರೂಪದಲ್ಲಿಯೇ. ಬ್ಯಾಂಕ್ ವ್ಯವಹಾರವನ್ನು ಅದೇ ಲ್ಯಾಪ್‌ಟಾಪಿನಲ್ಲಿ ಮಾಡುವವರು ಇದನ್ನು ಹಗುರವಾಗಿ ಕಾಣಬಾರದು.

ಇನ್ನು ನನ್ನ ವಿನಂತಿಗಳು. ಮೊದಲನೆಯದಾಗಿ ದುರಸ್ತಿ ಅಂಗಡಿಗಳ ಬಂಧುಗಳಿಗೆ. ಗಾಂಧಿ ಚೌಕದ ಸುತ್ತಮುತ್ತ, ಸ್ಟೇಷನ್ ರಸ್ತೆಯಲ್ಲಿ ಪ್ರಾಮಾಣಿಕವಾಗಿ, ಕಡಿಮೆ ಕೂಲಿಗೆ ಸೂಕ್ಷ್ಮ ಕೆಲಸ ಮಾಡುವ ಕುಶಲಿಗಳನ್ನು ನಾನು ಬಲ್ಲೆ, ಅವರ ಮೇಲೆ ನನಗೆ ಗೌರವವಿದೆ. ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಲ್ಯಾಪ್‌ಟಾಪ್ ಹೊತ್ತು ಒಯ್ಯುವುದನ್ನು ತಪ್ಪಿಸಿದವರು ಅವರೇ. ಆದರೆ ‘ಕಾರ್ಡ್ ಹೋಗಿದೆ’ ಎನ್ನುವಾಗ ಯಾವ ದೋಷದ ಸಾಲನ್ನು ಅಥವಾ ಯಾವ ಕೋಡನ್ನು ನೋಡಿ ಹಾಗೆ ಹೇಳಿದಿರಿ ಎಂಬುದನ್ನು ಬಿಲ್ಲಿನ ಮೇಲೆ ಬರೆದುಕೊಡಿ. ಫರ್ಮ್‌ವೇರ್ ಕಡತ ಹಾಕಿಕೊಡಲು ತಮ್ಮ ಕೂಲಿಯನ್ನು ಧಾರಾಳವಾಗಿ ಕೇಳಿ, ತಿಳಿವಳಿಕೆಗೂ ಬೆಲೆಯುಂಟು. ಅಗತ್ಯವಿಲ್ಲದ ಕಾರ್ಡನ್ನು ಮಾರಬೇಡಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮಾರುವವರು ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ದೊಡ್ಡದಾಗಿ ಬರೆಯುತ್ತಾರೆ, ವೈ-ಫೈ ಚಿಪ್ ಯಾವುದೆಂದು ಬರೆಯುವುದಿಲ್ಲ. ಅದನ್ನೂ ಬರೆಯುವ ರೂಢಿ ಬರಬೇಕು. ಕೊಳ್ಳುವವರೂ ಕೇಳಬೇಕು.

ಕಾಲೇಜುಗಳ ಪಾತ್ರ ಇದರಲ್ಲಿ ಬಹಳ ದೊಡ್ಡದೆಂದು ನಾನು ನಂಬಿದ್ದೇನೆ. ಪ್ರತಿ ಕಂಪ್ಯೂಟರ್ ಲ್ಯಾಬಿನಲ್ಲಿಯೂ ಒಂದು ಪೆನ್‌ಡ್ರೈವ್ ಇರಲಿ, ಅದರಲ್ಲಿ ಲಿನಕ್ಸ್ ಕರ್ನಲ್ ಯೋಜನೆಯ ಭಂಡಾರದಲ್ಲಿರುವ ಫರ್ಮ್‌ವೇರ್ ಕಡತಗಳ ಇತ್ತೀಚಿನ ಪೂರ್ತಿ ಸಂಗ್ರಹ ಇರಲಿ, ಜೊತೆಗೆ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್‌ಗಳ ವಿಂಡೋಸ್ ಡ್ರೈವರ್ ಇರಲಿ. ಉಬುಂಟುವಿನ ಪೂರ್ತಿ ಫರ್ಮ್‌ವೇರ್ ಪ್ಯಾಕೇಜು ಕೆಲವು ನೂರು ಎಂಬಿ ತೂಗುತ್ತದೆ. ದಿನದ ಡೇಟಾ ಮಿತಿಯಲ್ಲಿ ಬದುಕುವ ಹಳ್ಳಿಯ ವಿದ್ಯಾರ್ಥಿಗೆ ಅದೂ ಹೊರೆಯೇ. ಲ್ಯಾಬಿನಲ್ಲಿ ಒಮ್ಮೆ ಇಳಿಸಿಟ್ಟರೆ ನೂರು ಜನಕ್ಕೆ ಆಗುತ್ತದೆ. ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ನೆರೆಯ ಬೆಳಗಾವಿಯಲ್ಲಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಅಲ್ಲಿಯೇ, ಮಹಿಳಾ ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿಯೇ ಇದೆ. ಮೊದಲ ವರ್ಷದ ಪ್ರಾಯೋಗಿಕ ತರಗತಿಗಳಲ್ಲಿ ಸಾಧನದ ಗುರುತು ಪತ್ತೆ ಹಚ್ಚುವುದು, ಕರ್ನಲ್ ದಾಖಲೆ ಓದುವುದು, ಡ್ರೈವರ್ ಬದಲಿಸುವುದು ಇಷ್ಟನ್ನು ಸೇರಿಸಲು ಈ ಮೂರೂ ಸಂಸ್ಥೆಗಳು ಮನಸ್ಸು ಮಾಡಬೇಕು. ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಬಲ್ಲ ಪದವೀಧರನಿಗೆ ತನ್ನ ಲ್ಯಾಪ್‌ಟಾಪಿನ ವೈ-ಫೈ ಚಿಪ್ ಯಾವ ಕಂಪನಿಯದೆಂದು ಗೊತ್ತಿಲ್ಲದಿರುವುದನ್ನು ನಾವು ಅಧ್ಯಾಪಕರು ಸಹಿಸಿಕೊಂಡು ಬಂದದ್ದು ಸಾಕು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. ಉತ್ಪನ್ನದ ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಕಂಪನಿಗಳು ಗ್ರಾಹಕರಿಗೆ ಮುಕ್ತವಾಗಿ ಕೊಡಬೇಕೆಂಬುದು ಅದರ ಆಶಯ. ಲ್ಯಾಪ್‌ಟಾಪಿನ ಯಾವ ಮಾದರಿಯಲ್ಲಿ ಯಾವ ವೈರ್‌ಲೆಸ್ ಚಿಪ್ ಇದೆ, ಅದರ ಫರ್ಮ್‌ವೇರ್ ಎಷ್ಟು ವರ್ಷ ಅಪ್‌ಡೇಟ್ ಆಗುತ್ತದೆ ಎಂಬ ವಿವರವೂ ಅದರೊಳಗೆ ಕಡ್ಡಾಯವಾಗಿ ಸೇರುವಂತೆ ಇಲಾಖೆ ಸೂಚಿಸಬೇಕು. ವಾರಂಟಿ ಇರುವಾಗಲೇ ಡ್ರೈವರ್ ದೋಷವನ್ನು ಯಂತ್ರಾಂಶದ ದೋಷವೆಂದು ಹೇಳಿ ಹಣ ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಲು ಯಾರೂ ಹಿಂಜರಿಯಬೇಕಿಲ್ಲ. ದೂರು ಕೊಡುವಾಗ ದೋಷದ ಪರದೆಯ ಫೋಟೋ, ಕಾರ್ಡಿನ ಹಾರ್ಡ್‌ವೇರ್ ಐಡಿ, ಅಂಗಡಿಯ ಬಿಲ್ಲು ಮೂರೂ ಕೈಯಲ್ಲಿರಲಿ. ಕಾರ್ಡ್ ಬದಲಿಸಿದ್ದರೆ ತೆಗೆದ ಹಳೆಯ ಕಾರ್ಡನ್ನು ಕೇಳಿ ಮರಳಿ ಪಡೆಯಿರಿ, ಅದು ನಿಮ್ಮದು. ಅದನ್ನು ಅದೇ ಬಗೆಯ ಸ್ಲಾಟ್ ಇರುವ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಅದು ನಿಜವಾಗಿ ಸುಟ್ಟಿತ್ತೋ ಇಲ್ಲವೋ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ವಿಜಯಪುರದಲ್ಲಿ ಇದ್ದವರು ಅಂಥ ಕಾರ್ಡನ್ನು ತಮ್ಮ ಕಾಲೇಜಿನ ಲ್ಯಾಬಿಗೆ ತಂದರೆ ಪರೀಕ್ಷಿಸಿ ಹೇಳಲು ನನ್ನಂಥ ಅಧ್ಯಾಪಕರು ಪ್ರತಿ ಕಾಲೇಜಿನಲ್ಲಿಯೂ ಸಿಗುತ್ತಾರೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಜ್ಞಾನ ಅಧ್ಯಾಪಕ,
ವಿಜಯಪುರ